ಕೊಟ್ಟಿಗೆ ಬಾಗಿಲ ಮೇಲಿನ ಕೂಲಿ

ಎಲ್ಬಿಯೊನ ತಲೆ ಕೆಟ್ಟದ್ದು ಬೆಳಗಿನ ಒಂದು ಫೋನಿನಿಂದ. ಮಾಂಸದ ಹೋರಿಗಳನ್ನು ಕೊಳ್ಳುವ ವ್ಯಾಪಾರಿ ಫಗುಂದೆಸ್, ಹೋರಿಗಳಿಗೆ ಒಂದು ಬೆಲೆ ಹೇಳಿ, ಸಂಜೆ ಬರುತ್ತೇನೆಂದು ತಿಳಿಸಿ, ಮಾತಿಗೆ ಮಾತು ಬಂದು, "ಹೋರಿ ಮೈಗೆ ಒಂದು ಕಿಲೋ ಮಾಂಸ ಹಿಡಿಸೋಕೆ ನಿಮಗೆ ಎಷ್ಟು ಖರ್ಚು ಬೀಳುತ್ತೆ?" ಎಂದು ಕೇಳಿದ. ತಕ್ವಾರೆಂಬೊ ಸೀಮೆಯಲ್ಲಿ ಹೋರಿ ಸಾಕಿಯೇ ತಲೆ ನರೆಸಿಕೊಂಡ ಎಲ್ಬಿಯೊ, "ಅದು ಹೇಗೋ ಆಗುತ್ತೆ" ಎಂದ. ಆ ಕಡೆ ಫಗುಂದೆಸ್ ನಕ್ಕ. ಈ ಕಡೆ ಹೆಂಡತಿ ನಿಲ್ದಾ ಕೇಳಿಸಿಕೊಂಡಳು.

"ಹೇಗೋ ಅಂದ್ರೆ ಹೇಗೆ? ಇವತ್ತೇ ಲೆಕ್ಕ ಹಾಕಿ. ನಷ್ಟ ಅಂತಾದ್ರೆ ದನ ಎಲ್ಲಾ ಮಾರಿ ಪೇಟೆಗೆ ಹೋಗೋಣ. ನಮ್ಮಕ್ಕನ ಬಟ್ಟೆ ಅಂಗಡೀಲಿ ರಿಬ್ಬನ್ ಅಳೀತಾ ಕೂತ್ಕೊಳ್ಳಿ."

ರಿಬ್ಬನ್ ಎಂಬ ಮಾತಿಗೇ ಎಲ್ಬಿಯೊನ ಮೈಯೆಲ್ಲ ಉರಿದುಹೋಯಿತು. ಕಾಗದ ಹುಡುಕುವಷ್ಟು ತಾಳ್ಮೆ ಅವನಿಗಿರಲಿಲ್ಲ. ಸೀಮೆಸುಣ್ಣ ಹಿಡಿದು ಕೊಟ್ಟಿಗೆಯ ಬಾಗಿಲ ಮೇಲೆ ಉಪ್ಪು, ಕಾಲುಬಾಯಿ ಜ್ವರದ ಲಸಿಕೆ ಎಂದಷ್ಟು ಬರೆದು, ಅಲ್ಲಿಗೆ ಮುಗಿಯಿತೆಂದುಕೊಂಡ.

ಅಷ್ಟರಲ್ಲಿ ನಿಲ್ದಾಳ ತಮ್ಮ ವಾಷಿಂಗ್ಟನ್, ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಕಷಾಯದ ಸೋರೆಬುರುಡೆ ಹಿಡಿದು ಬಂದ.

"ಭಾವ, ಬೇಲಿ ತಂತಿ ಬರೀಲಿಲ್ಲ. ಕುದುರೇನೂ ಬರೀಲಿಲ್ಲ."

"ಕುದುರೆ ನಂದೇ ಕಣೋ."

"ನಿಮ್ಮದಾದ್ರೆ ಲಾಳ ಬಿಟ್ಟಿ ಬರುತ್ತಾ?"

ಹಿಂದೆಯೇ ದನದ ಡಾಕ್ಟರು ಮಿಲ್ತನ್ ಬಂದ. ಕಂದಾಯ, ಸತ್ತ ಕರು, ನಾಯಿಗಳ ಊಟ, ಎಲ್ಲ ಅವನ ಬಾಯಿಂದ ಬಂತು. ಪರರ ನಷ್ಟ ಕೂಡಿಸುವಾಗ ಜನಕ್ಕೆ ಅದೆಲ್ಲಿಂದ ಹುರುಪು ಬರುತ್ತದೋ. ಬಂದವರಿಗೆ ಊಟ ಹಾಕದಿದ್ದರೆ ಮರ್ಯಾದೆಯಲ್ಲ; ಹೋರಿ ಮಾರಾಟದ್ದು, ಮನೆಯವರ ಬಾಯಿಗೆ ಕುರಿಯೇ ಗತಿ. ಕುರಿ ಕೆಂಡದ ಮೇಲೇರಿತು. ಪಕ್ಕೆಲುಬು ಚೀಪುತ್ತಾ ಮಿಲ್ತನ್, "ಈ ಕುರೀನೂ ಬರೀರಿ" ಎಂದ. ಎಲ್ಬಿಯೊ ಹಲ್ಲು ಕಚ್ಚಿಕೊಂಡು ಬರೆದ. ಇಷ್ಟಾದರೂ ಲಾಭವೇ ಉಳಿದಿತ್ತು.

"ನಿಮ್ಮ ಕೂಲಿ ಎಲ್ಲಿ?" ಎಂದ ಮಿಲ್ತನ್.

"ನನಗ್ಯಾರು ಕೂಲಿ ಕೊಡ್ತಾರೆ?"

"ನೀವಿಲ್ಲದಿದ್ರೆ ಆಳು ಇಡಬೇಕಲ್ಲ. ಅದೂ ಖರ್ಚೇ."

ಕೂಲಿ ಬರೆದದ್ದೇ ತಡ, ಲಾಭ ಹೋಗಿ ನಷ್ಟವಾಯಿತು. ನಿಲ್ದಾ ಫೋನು ಕೈಗೆತ್ತಿಕೊಂಡಳು.

ಎಲ್ಬಿಯೊ ಕೂತಿದ್ದ ಮಣೆಯನ್ನು ಒದ್ದ. "ಮಳೆ ಚಳಿ ಅನ್ನದೆ ದನದ ಹಿಂದೆ ಸತ್ತಿದ್ದೀನಿ ನಾನು. ತಂತಿಗೆ ಬೆಲೆ ಇದೆ, ನಾಯಿಗೆ ಬೆಲೆ ಇದೆ, ನಂದನ್ನ ಬರೆದ್ರೆ ಮಾತ್ರ ನಷ್ಟವಾ?" ನಿಲ್ದಾ ಅಕ್ಕನ ನಂಬರು ಒತ್ತುತ್ತಿದ್ದಳು. ಎಲ್ಬಿಯೊ ಅಂಗಿಯ ತೋಳಿನಿಂದ ತನ್ನ ಕೂಲಿಯನ್ನು ಉಜ್ಜಿ ಅಳಿಸಿಬಿಟ್ಟ. "ತಗೋ, ನಾನು ಬಿಟ್ಟಿ. ಈಗ?"

"ಈಗ ಲಾಭ" ಎಂದ ಮಿಲ್ತನ್. ನಿಲ್ದಾ ಒಲ್ಲದ ಮನಸ್ಸಿನಿಂದ ಫೋನು ಕೆಳಗಿಟ್ಟಳು.

ಸಂಜೆ ಫಗುಂದೆಸನ ಲಾರಿ ಬಂತು. ಎಲ್ಬಿಯೊ ಬಾಯಿ ತೆರೆಯುವ ಮೊದಲೇ ವಾಷಿಂಗ್ಟನ್ ವ್ಯಾಪಾರಿಯನ್ನು ಕೈಹಿಡಿದು ಕೊಟ್ಟಿಗೆ ಬಾಗಿಲ ಮುಂದೆ ನಿಲ್ಲಿಸಿದ. "ನೋಡಿ, ನಮ್ಮ ಭಾವನಿಗೆ ಲೆಕ್ಕ ಬರಲ್ಲ ಅಂತ ನಕ್ಕಿದ್ರಂತೆ."

ಫಗುಂದೆಸ್ ಮೇಲಿನಿಂದ ಕೆಳಗಿನವರೆಗೆ ಓದಿದ. ಟೋಪಿ ತೆಗೆದ.

"ಇಷ್ಟು ಅಗ್ಗಕ್ಕೆ ಸಾಕ್ತೀರಾ? ನಾನು ಪಾಪ ಅಂತ ಜಾಸ್ತಿ ಬೆಲೆ ಹೇಳಿದ್ದೆ." ಅಲ್ಲೇ ನಿಂತು ಬೆಲೆ ಇಳಿಸಿದ. ಎಲ್ಬಿಯೊ ಕೂಲಿ ಬಿಟ್ಟುಕೊಟ್ಟು ಉಳಿಸಿಕೊಂಡಿದ್ದ ಲಾಭದಲ್ಲಿ ಚೂರು ಮಾತ್ರ ಬಿಟ್ಟು ಮಿಕ್ಕದ್ದನ್ನೆಲ್ಲ ಕಡಿದುಹಾಕಿದ್ದ.

"ಅದರಲ್ಲಿ ನನ್ನ ಕೂಲಿ ಸೇರಿಲ್ಲ ಸ್ವಾಮೀ" ಎಂದು ಎಲ್ಬಿಯೊ ಸೀಮೆಸುಣ್ಣಕ್ಕೆ ಕೈ ಹಾಕಿದ.

"ಬರೀರಿ" ಎಂದಳು ನಿಲ್ದಾ. "ಬರೆದ ಕೂಡಲೇ ಅಕ್ಕನಿಗೆ ಫೋನ್ ಮಾಡ್ತೀನಿ."

ಎಲ್ಬಿಯೊನ ಕೈ ಗಾಳಿಯಲ್ಲೇ ನಿಂತಿತು. ಫಗುಂದೆಸನಿಗೆ ನಿಜವಾಗಿಯೂ ಕನಿಕರ ಬಂತು.

"ಕೂಲೀನೇ ಬೇಕು ಅಂದ್ರೆ ನನ್ನ ಹತ್ರ ಬನ್ನಿ. ಈ ಹೋರಿಗಳು ಇನ್ನೊಂದಷ್ಟು ದಿನ ಮೇಯಬೇಕು, ನೋಡಿಕೊಳ್ಳೋಕೆ ಆಳು ಸಿಗ್ತಿಲ್ಲ."

ಎಲ್ಬಿಯೊ ಸಿಟ್ಟಿನಿಂದ ಅವನಿಗೆ ಗೇಟು ತೋರಿಸಲೆಂದು ಬೆರಳೆತ್ತಿದ.

"ತಿಂಗಳಿಗೆ ಎಷ್ಟು ಕೊಡ್ತೀರಿ?" ಎಂದು ಕೇಳಿದಳು ನಿಲ್ದಾ.