ಇಂಟರ್ನೆಟ್ಟಿಗೆ ಹಾಕಿದ ರೂಮು

ಕ್ರಮ ಹಾಕಿಕೊಂಡು ನಾನು ಶುರು ಮಾಡಿದ ಯಾವ ಕೆಲಸವೂ ಆ ಕ್ರಮದಲ್ಲಿ ಮುಗಿದದ್ದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಸರಿಯಾಗಿ ಬರುತ್ತಿದ್ದ ಉತ್ತರ ಮನೆಯಲ್ಲಿ ಬರುವುದಿಲ್ಲ. ಯಾಕೆ ಅಂತ ಬಿ.ಎಸ್ಸಿ. ಮುಗಿದ ಮೇಲೂ ಗೊತ್ತಾಗಿಲ್ಲ.

ಅಕ್ಕನನ್ನು ಗೌರಿಬಿದನೂರಿಗೆ ಕೊಟ್ಟಿದ್ದೆವು. ಅವಳ ಸೀಮಂತದ ದಿನ ಊಟವಾದ ಮೇಲೆ ಅವಳ ಅತ್ತೆ ನಮ್ಮ ಅಮ್ಮನ ಹತ್ತಿರ ಬಂದು ಕೂತರು.

"ಮೊದಲನೇ ಹೆರಿಗೆ ತೌರುಮನೇಲೇ ಆಗ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಬಾಣಂತಿ ಮಲಗೋಕೆ ಅಂತ ಒಂದು ರೂಮಿದೆಯಾ ನಿಮ್ಮಲ್ಲಿ? ಮುಂದಿನ ವಾರ ನಾನೇ ಕರ್ಕೊಂಡು ಬಂದು ನೋಡ್ತೀನಿ. ಸರಿ ಇಲ್ದಿದ್ರೆ ಅವತ್ತೇ ವಾಪಸ್ ಕರ್ಕೊಂಡು ಹೋಗ್ತೀನಿ."

ಅಮ್ಮ ನಕ್ಕು, "ಇದೆ ಅತ್ತಿಗೆ" ಅಂದರು. ಆಮೇಲೆ ನಮ್ಮೂರು ಚಿಂತಾಮಣಿ ಬರುವ ತನಕ ಬಸ್ಸಿನಲ್ಲಿ ಬೆರಳು ಮಡಚಿ ಆ ರೂಮಿನ ಸಾಮಾನು ಎಣಿಸುತ್ತಿದ್ದರು.

ರೂಮು ಇದ್ದದ್ದು ನಿಜ. ಅದರೊಳಗೆ ಒಂದು ಊಟದ ಮೇಜು, ಒಂದು ದೊಡ್ಡ ಗ್ರೈಂಡರು, ಡಾಕ್ಟರು ಹೇಳಿದರೆಂದು ಅಪ್ಪ ತಂದು ಒಂದು ವಾರ ತುಳಿದು ಬಿಟ್ಟಿದ್ದ ವ್ಯಾಯಾಮದ ಸೈಕಲ್ಲು, ಇವೂ ಇದ್ದವು. ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಲು ಅಮ್ಮ ಒಪ್ಪಲಿಲ್ಲ. "ಈಗೆಲ್ಲ ಇಂಟರ್ನೆಟ್ಟಲ್ಲಿ ಮಾರ್ತಾರಂತೆ. ಓದಿದ್ದೀಯಲ್ಲ, ಮಾರು" ಅಂದರು. ಹಳೇ ಸಾಮಾನು ಮಾರಲು ಪುಕ್ಕಟೆ ಜಾಹೀರಾತು ಹಾಕುವ ಒಂದು ವೆಬ್‌ಸೈಟು ಇತ್ತು. ನಾನು ಮೂರರದ್ದೂ ಫೋಟೋ ತೆಗೆಸಿಕೊಂಡು ಸೈಬರ್ ಸೆಂಟರಿಗೆ ಹೋದೆ.

೧. ಮೇಜು

ಇರುವುದನ್ನು ಇದ್ದಂತೆ ಬರೆಯಬೇಕು ಅನ್ನುವುದು ನನ್ನ ಅಭ್ಯಾಸ. ಒಂದು ಕಾಲು ಗಿಡ್ಡ, ಕೆಳಗೆ ರಟ್ಟು ಇಡಬೇಕು. ಮಧ್ಯದಲ್ಲಿ ಬಿಸಿ ಪಾತ್ರೆ ಇಟ್ಟ ಕಲೆ ಇದೆ. ಎಲ್ಲ ಬರೆದೆ. ಚಿಕ್ಕಬಳ್ಳಾಪುರದಿಂದ ಒಬ್ಬರು ಫೋನ್ ಮಾಡಿದರು.

"ಕಾಲು ಗಿಡ್ಡ ಅಂತ ಬರ್ದಿದ್ದೀರಿ."

"ಹೌದು ಸಾರ್."

"ಕಲೆ ಇದೆ ಅಂತಾನೂ ಬರ್ದಿದ್ದೀರಿ."

"ಇದೆ ಸಾರ್."

"ಬರೆದಿರೋದೇ ಇಷ್ಟಿದೆ. ಬರೀದೇ ಇರೋದು ಎಷ್ಟಿದೆ, ಅದನ್ನ ಹೇಳಿ."

ಏನೂ ಇಲ್ಲ ಅಂದೆ. ನಂಬದೆ ಫೋನ್ ಇಟ್ಟರು.

ಅಪ್ಪ ಕೇಳಿಸಿಕೊಂಡು, "ಮನೆ ಮೇಜಿನ ಕುಂಟುತನಾನ ಊರಿಗೆಲ್ಲ ಸಾರ್ತಾರೇನೋ? ಮೊದಲು ತೆಗಿ ಅದನ್ನ" ಅಂದರು. ತೆಗೆದೆ. 'ಊಟದ ಮೇಜು, ಚೆನ್ನಾಗಿದೆ' ಅಂತಷ್ಟೇ ಹಾಕಿದೆ. ಮಾರನೇ ದಿನ ಅದೇ ದನಿ ಫೋನ್ ಮಾಡಿತು.

"ಚೆನ್ನಾಗಿದ್ರೆ ಯಾಕೆ ಮಾರ್ತಿದ್ದೀರಿ?"

"ಮನೇಲಿ ಜಾಗ ಇಲ್ಲ ಸಾರ್."

"ಹೀಗೇ ಹೇಳ್ತೀರಿ ಎಲ್ಲಾರೂ. ನಿಮ್ಮ ಚಿಂತಾಮಣಿಲೇ ಇನ್ನೊಬ್ರಿದ್ದಾರೆ ನೋಡಿ. ಕಾಲು ಗಿಡ್ಡ, ಕಲೆ ಇದೆ, ಎಲ್ಲ ಮೊದಲೇ ಹೇಳ್ಬಿಟ್ರು. ಮನುಷ್ಯ ಅಂದ್ರೆ ಹಾಗಿರ್ಬೇಕು."

ಅದು ನಾನೇ ಅಂದೆ. ಅದನ್ನೂ ನಂಬಲಿಲ್ಲ.

೨. ಗ್ರೈಂಡರು

ಗ್ರೈಂಡರಿಗೆ ಫೋನ್ ಬರಲಿಲ್ಲ. ಸೈಬರ್ ಸೆಂಟರ್ ನಡೆಸುವವರ ಅತ್ತಿಗೆ ನೇರವಾಗಿ ಮನೆಗೇ ಬಂದರು. ಕೈಯಲ್ಲಿ ತಟ್ಟೆ ಮುಚ್ಚಿದ ಎರಡು ಪಾತ್ರೆ. ಒಂದರಲ್ಲಿ ನೆನೆಸಿದ ಅಕ್ಕಿ, ಇನ್ನೊಂದರಲ್ಲಿ ಉದ್ದಿನಬೇಳೆ.

"ಟೆಸ್ಟ್ ಮಾಡ್ದೆ ಹೆಂಗಪ್ಪ ತಗೊಳ್ಳೋದು?" ಅಂದರು. ನ್ಯಾಯವಾದ ಮಾತು. ಪ್ಲಗ್ ಹಾಕಿಕೊಟ್ಟೆ. ಮನೆಯೆಲ್ಲ ನಡುಗುವಂತೆ ರುಬ್ಬಿದರು. ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ಮನೆಯೋರನ್ನ ಕೇಳಿ ಹೇಳ್ತೀನಿ" ಅಂತ ಹಿಟ್ಟು ತೆಗೆದುಕೊಂಡು ಹೋದರು.

ಎರಡು ದಿನ ಬಿಟ್ಟು ಮತ್ತೆ ಬಂದರು. ದೋಸೆಗೆ ಸರಿಯಾಗಿದೆ, ಇಡ್ಲಿಗೆ ಹೇಗೋ ನೋಡಬೇಕಂತೆ. ಮೂರನೇ ಸಲ ವಡೆ ಹಿಟ್ಟು. ಆವತ್ತು ನಾನು ಧೈರ್ಯ ಮಾಡಿ, "ಆಂಟಿ, ತಗೋತೀರಾ ಇಲ್ವಾ, ಇವತ್ತು ಹೇಳ್ಬಿಡಿ" ಅಂದೆ.

"ತಗೊಳ್ಳಲ್ಲ ಅಂದಿದ್ದೀನಾ? ರೇಟು ಮಾತ್ರ ಇಳಿಸ್ಬೇಕು ಕಣಪ್ಪ."

"ಯಾಕೆ?"

"ಅವತ್ತು ನೋಡ್ದಾಗ ಸುಮ್ನೆ ಕೂತಿದ್ದ ಗ್ರೈಂಡರು. ಈಗ ವಾರಕ್ಕೆ ಮೂರು ಸಲ ಓಡ್ತಾ ಇದೆ. ಸವೆಯಲ್ವಾ?"

೩. ಸೈಕಲ್ಲು

ಸೈಕಲ್ಲನ್ನು ನೋಡಲು ಶಿಡ್ಲಘಟ್ಟದ ಕಡೆ ಸಾದಲಿಯಿಂದ ಒಬ್ಬ ರೈತರು ಬಂದರು. ರೇಷ್ಮೆಹುಳು ಸಾಕುವವರು. ಕಂಪ್ಯೂಟರ್ ಕಲಿಯುತ್ತಿದ್ದ ಅವರ ತಮ್ಮನ ಮಗ ಫೋಟೋ ತೋರಿಸಿದ್ದನಂತೆ.

"ಪನಿ ಚೇಸ್ತುಂದಾ ಅಬ್ಬಾಯ್?" ಅಂದರು. ಕೆಲಸ ಮಾಡತ್ತೆ ಅಂದೆ. ಹತ್ತಿ ಕೂತು ತುಳಿದರು. ಇಳಿದು ಸುತ್ತ ಒಂದು ಸಲ ನೋಡಿದರು.

"ನಮ್ಮನೆಯೋಳಿಗೆ ಶುಗರ್ ಬಂದದೆ. ಡಾಕ್ಟರು ದಿನಾ ಅರ್ಧ ಗಂಟೆ ತುಳೀಬೇಕು ಅಂದವ್ರೆ."

"ಹಾಗಾದ್ರೆ ಸರಿಯಾಗತ್ತೆ."

"ಸುಮ್ನೆ ತುಳ್ಯೋದ್ಯಾಕೆ? ಇದಕ್ಕೆ ಸೊಪ್ಪು ಕತ್ತರಿಸೋ ಮಿಷನ್ ಕಟ್ಟಕ್ಕಾಗಲ್ವಾ? ಅವಳ ಶುಗರೂ ಇಳೀತದೆ, ಹುಳುಗೆ ಸೊಪ್ಪೂ ಆಗ್ತದೆ."

ಪ್ರಶ್ನೆ ನನಗೆ ಹಿಡಿಸಿತು. ಅದರ ಚಕ್ರಕ್ಕೆ ಬೆಲ್ಟು ಹಾಕಿದರೆ ಆಗುತ್ತದೆ ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ಮಜ್ಜಿಗೆ ಕುಡಿಯುತ್ತಾ ಪೂರ್ತಿ ಕೇಳಿದರು. ಲೋಟ ಕೆಳಗಿಟ್ಟು ಎದ್ದರು.

"ಚೆನ್ನಾಗಿ ಅರ್ಥ ಆಯ್ತಪ್ಪ. ಕಟ್ಟಿಟ್ಟಿರು, ಇನ್ನೊಂದ್ಸಲ ಬಂದಾಗ ತಗೊಂಡು ಹೋಗ್ತೀನಿ."

೪. ಬಂದ ಸಾಮಾನು

ಒಂದು ಬೆಳಿಗ್ಗೆ ಎದುರುಮನೆ ಮಾಮ ಇಬ್ಬರಿಂದ ಹೊರಿಸಿಕೊಂಡು ಒಂದು ಮರದ ಮಂಚ ತಂದರು. ನೇರವಾಗಿ ರೂಮಿಗೆ ಇಳಿಸಿದರು.

"ಇದನ್ನೂ ಇಂಟರ್ನೆಟ್ಟಿಗೆ ಹಾಕ್ಬಿಡಪ್ಪ."

"ಮಾಮ, ಅದಕ್ಕೆ ಮಂಚ ಇಲ್ಲಿಗೆ ತರೋದು ಬೇಡ. ಫೋಟೋ ಸಾಕು."

"ಫೋನ್ ನಂಬರು ಯಾರದು ಹಾಕ್ತೀಯ?"

"ನಮ್ದೇ."

"ಅಡ್ರೆಸ್ಸು?"

"ನಮ್ದೇ."

"ಮತ್ತೆ ಮಂಚ ನಮ್ಮನೇಲಿದ್ರೆ, ಬಂದೋರು ನಿಮ್ಮನೇಲಿ ಏನು ನೋಡ್ತಾರೆ?"

ಮಂಚವನ್ನೂ ಜಾಹೀರಾತಿಗೆ ಹಾಕಿದೆ. ಸಂಜೆಗೆ ಹಿಂದಿನ ಬೀದಿಯ ಟೈಲರ್ ಭಾಯಿ ಹಳೇ ಹೊಲಿಗೆ ಮಿಷನ್ ತಂದು, "ಬೇಟಾ, ಇದರದ್ದೂ ಒಂದು ಫೋಟೋ" ಅಂದರು. ಮಾರನೇ ದಿನ ಯಾರೋ ಚಿತ್ರ ಬರದ ಟಿ.ವಿ.ಯನ್ನು ಅಪ್ಪನ ಕೈಗೆ ಕೊಟ್ಟು ಹೋದರು. ಯಾರು ಅಂತ ಅಪ್ಪ ಕೇಳಿರಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ನೆಲ ಕಾಣುತ್ತಿರಲಿಲ್ಲ.

"ಖಾಲಿ ಮಾಡು ಅಂದೆ ಕಣೋ ನಿಂಗೆ."

"ಮಾಡ್ತಾ ಇದ್ದೀನಮ್ಮ."

"ನೀನು ಇನ್ನು ಮಾಡ್ಬೇಡ. ಇನ್ನೊಂದು ದಿನ ಮಾಡಿದ್ರೆ ನಾವೂ ಹೊರಗೆ ಮಲಗ್ಬೇಕು."

೫. ಮಂಚ

ಅಕ್ಕ, ಅವಳ ಅತ್ತೆ ಮಧ್ಯಾಹ್ನ ಬಂದರು. ಅತ್ತೆ ನೀರನ್ನೂ ಮುಟ್ಟದೆ ರೂಮಿನ ಬಾಗಿಲಿಗೆ ಹೋದರು. ಕೈಯಲ್ಲಿದ್ದ ನಿಪ್ಪಟ್ಟಿನ ಡಬ್ಬ ಇಡಲು ಜಾಗ ಹುಡುಕಿ, ಕೊನೆಗೆ ಊಟದ ಮೇಜಿನ ಮೇಲೆ, ಟಿ.ವಿ. ಪಕ್ಕ ಇಟ್ಟರು.

"ಇದೇನು ರೂಮಾ, ಗೋಡೌನಾ?"

ಅಮ್ಮ ನನ್ನ ಕಡೆ ನೋಡಿದರು. ನಾನು ಸೈಕಲ್ಲಿನ ಕಡೆ ನೋಡಿದೆ.

"ಚಪ್ಪಲಿ ಬಿಡ್ಬೇಡ ಕಣೇ" ಅಂದರು ಅತ್ತೆ, ಅಕ್ಕನಿಗೆ. "ನಾಲ್ಕು ಗಂಟೆಗೆ ಬಸ್ಸಿದೆ."

ಅಕ್ಕನಿಗೆ ನಿಂತು ಸಾಕಾಗಿತ್ತು. ಚಪ್ಪಲಿ ಕಾಲಲ್ಲೇ ಮಂಚದ ಮೇಲೆ ಕೂತಳು. ಅಷ್ಟು ಹೊತ್ತಿಗೆ ಹೊರಗೆ ಟೆಂಪೋ ನಿಂತ ಸದ್ದಾಯಿತು. ಅಂಬಾಜಿದುರ್ಗದ ಕಡೆಯವರೊಬ್ಬರು. ಊರಲ್ಲಿ ಸಣ್ಣ ಹೋಟೆಲ್ಲು ಇಡುತ್ತಿದ್ದಾರಂತೆ, ಅಲ್ಲೇ ಮಲಗಲು ಒಂದು ಮಂಚ ಬೇಕಂತೆ. ಒಳಗೆ ಬಂದವರು ಮಂಚವನ್ನು ನೋಡಿದರು, ಅಕ್ಕನನ್ನು ನೋಡಿದರು.

ಅಕ್ಕ ಏಳಲು ಹೋದಳು. "ಏಳ್ಬೇಡಮ್ಮ, ಹಾಗೇ ಇರು" ಅಂತ ಬಗ್ಗಿ ಮಂಚದ ಕಾಲುಗಳನ್ನು ತಟ್ಟಿ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ಅಮ್ಮಾ, ನೀವೂ ಒಂದ್ಸಲ ಕೂತ್ಕೊಳ್ಳಿ. ಒಬ್ರ ಭಾರಕ್ಕೆ ಯಾವ ಮಂಚ ಆದ್ರೂ ನಿಲ್ಲತ್ತೆ."

ಯಾಕೆಂದು ತಿಳಿಯದೆ ಅತ್ತೆ ಕೂತರು. ಅವರು ಕೂತರೆಂದು ಅಮ್ಮನೂ ಕೂತರು. ಮಂಚ ಸದ್ದು ಮಾಡಲಿಲ್ಲ.

"ಗಟ್ಟಿಯಿದೆ. ಈಗ ಎಲ್ಲಾರೂ ಏಳಿ, ಟೆಂಪೋಗೆ ಹಾಕ್ಬಿಡ್ತೀನಿ."

ಅಮ್ಮ ಎದ್ದರು. ಅತ್ತೆ ಏಳಲಿಲ್ಲ.

"ಯಾರನ್ನಪ್ಪ ಏಳಿಸ್ತೀಯ? ಏಳು ತಿಂಗಳ ಬಸುರಿ ಕೂತಿರೋದು ಕಾಣಲ್ವಾ?"

"ಮಂಚ ಮಾರಾಟಕ್ಕಿದೆ ಅಂತ ಇಂಟರ್ನೆಟ್ಟಲ್ಲಿ…"

"ಇಂಟರ್ನೆಟ್ಟಲ್ಲಿರೋದನ್ನ ಇಂಟರ್ನೆಟ್ಟಲ್ಲೇ ತಗೋ. ಇದು ನನ್ನ ಸೊಸೆ ಮಂಚ. ಬಾಣಂತನ ಮುಗಿಯೋವರ್ಗೂ ಇಲ್ಲೇ ಇರತ್ತೆ. ಅವಳೂ ಇಲ್ಲೇ ಇರ್ತಾಳೆ."

ಅಕ್ಕ ಸದ್ದಿಲ್ಲದೆ ಚಪ್ಪಲಿ ಬಿಟ್ಟಳು. ಗೇಟಿನ ಹತ್ತಿರ ಬಂದಿದ್ದ ಎದುರುಮನೆ ಮಾಮ ಅತ್ತೆಯ ಮುಖ ನೋಡಿ, ಮಂಚದ ಮಾತೆತ್ತದೆ ಮನೆಗೆ ಹೋದರು.

ಹೋಟೆಲ್ಲಿನವರು ತಲೆ ಕೆರೆದುಕೊಂಡರು. "ಬಾಡಿಗೆ ಟೆಂಪೋ ಖಾಲಿ ತಗೊಂಡ್ಹೋದ್ರೆ ಮನೇಲಿ ನನ್ನ ಒಳಗೆ ಸೇರಿಸಲ್ಲ ಸಾರ್. ಈ ಮೇಜು ಮಾರೋದಾ?"

ಕಾಲು ಗಿಡ್ಡ ಅಂತ ಹೇಳಲು ಬಾಯಿ ತೆರೆದೆ. ಅಪ್ಪ ನನ್ನ ಕಾಲು ತುಳಿದರು.

ಮೇಜು ಹೋಯಿತು. ಹೋಟೆಲ್ಲಿಗೆ ಬೇಕೆಂದು ಗ್ರೈಂಡರು ಹೋಯಿತು. ಟೆಂಪೋದಲ್ಲಿ ಇನ್ನೂ ಜಾಗ ಇದೆಯೆಂದು ಸೈಕಲ್ಲು, ಹೊಲಿಗೆ ಮಿಷನ್ನು, ಚಿತ್ರ ಬರದ ಟಿ.ವಿ. ಎಲ್ಲ ಹೋದವು. ನಾನು ಹಾಕಿಕೊಂಡ ಯಾವ ಕ್ರಮದಿಂದಲೂ ಖಾಲಿಯಾಗದ ರೂಮು, ಮಾರಾಟವಾಗದ ಒಂದು ಮಂಚದಿಂದ ಖಾಲಿಯಾಯಿತು. ಇದಕ್ಕೆ ಕಾರಣ ನನಗೆ ಇನ್ನೂ ಸಿಕ್ಕಿಲ್ಲ.

ಸಂಜೆ ಸೈಬರ್ ಸೆಂಟರಿನವರ ಅತ್ತಿಗೆ ಎರಡು ಪಾತ್ರೆ ಹಿಡಿದು ಬಂದರು. ಖಾಲಿ ರೂಮು ನೋಡಿ, "ಒಂದು ಮಾತು ಕೇಳೋದಲ್ವಾ? ನಾಳೆ ತಗೊಳ್ಳೋಣ ಅಂತಿದ್ದೆ" ಅಂತ ಬೇಜಾರು ಮಾಡಿಕೊಂಡರು.

ಕಾಫಿಯ ಹೊತ್ತಿಗೆ ಅತ್ತೆ ನಿಪ್ಪಟ್ಟಿನ ಡಬ್ಬ ಹುಡುಕಿದರು. ನಾವೂ ಎಲ್ಲ ಕಡೆ ಹುಡುಕಿದೆವು. ಅಷ್ಟರಲ್ಲಿ ಫೋನ್ ಬಂತು. ಹೋಟೆಲ್ಲಿನವರು.

"ಸಾರ್, ಮೇಜಿನ ಜೊತೆ ಒಂದು ಡಬ್ಬ ನಿಪ್ಪಟ್ಟೂ ಬಂದ್ಬಿಟ್ಟಿದೆ."

"ಅದು ಮಾರೋದಲ್ಲ ಸಾರ್."

"ಅಯ್ಯೋ, ಈಗ ಹೇಳ್ತೀರಲ್ಲ. ನಾವು ಮೂರು ಜನ ಪೂರ್ತಿ ಟೆಸ್ಟ್ ಮಾಡ್ಬಿಟ್ವಿ. ಚೆನ್ನಾಗಿದೆ. ಇನ್ನೊಂದು ಡಬ್ಬ ಇಂಟರ್ನೆಟ್ಟಿಗೆ ಹಾಕಿ."