ಸೋಪಿನ ಕೆಲಸದ ಅಳಿಯ

ಹೆಪ್ಪು ಹಾಕಿದ ಹಾಲನ್ನು ಅದರ ಪಾಡಿಗೆ ಬಿಡಲಾರದವರು ಕೆಲವರಿರುತ್ತಾರೆ; ನಾನು ಅವರಲ್ಲೊಬ್ಬ. ಚಿಕ್ಕಂದಿನಲ್ಲಿ ಜಡೆ ಎಂಬ ಊರಿನ ನಮ್ಮ ಮನೆಯಲ್ಲಿ ಗಳಿಗೆಗೊಮ್ಮೆ ಮುಚ್ಚಳ ತೆಗೆದು, ಪಾತ್ರೆ ಅಲುಗಿಸಿ, ಅಮ್ಮನ ಸೌಟಿನ ಪೆಟ್ಟು ತಿಂದವನು. ಅಂಥವನಿಗೆ ದೇವರು ಕೊಟ್ಟ ಉದ್ಯೋಗ ನೋಡಿ: ಪ್ರೋಟೀನನ್ನು ಹರಳುಗಟ್ಟಲು ಇಟ್ಟು, ಅಲುಗಿಸದೆ ಕಾಯುವುದು.

ನನ್ನ ಪ್ರೋಟೀನು ಜೀವಕೋಶದ ಕೊಬ್ಬಿನ ಪೊರೆಯಲ್ಲಿ ಹುದುಗಿ ಬದುಕುವಂಥದ್ದು. ಹೊರಗೆಳೆದು ಬರಿಯ ನೀರಿಗೆ ಹಾಕಿದರೆ ಒಡೆದ ಹಾಲಿನಂತೆ ಗಂಟುಗಟ್ಟುತ್ತದೆ. ಅದಕ್ಕೇ ಮೃದುವಾದೊಂದು ಡಿಟರ್ಜೆಂಟು ಬೆರೆಸುತ್ತೇವೆ. ಪೊರೆಯ ಬದಲಿಗೆ ಅದೇ ಸುತ್ತುವರಿದು ಕಾಪಾಡುತ್ತದೆ. ಆಮೇಲೆ ಹರಳಾದರೆ ಎಕ್ಸ್‌ರೇ ಹಾಯಿಸಿ ಆಕಾರ ತಿಳಿಯಬಹುದು. ಇಷ್ಟನ್ನು ಶಿಕಾರಿಪುರದ ನನ್ನ ಮಾವನವರಿಗೆ ನಾಲ್ಕು ವರ್ಷದಿಂದ ವಿವರಿಸುತ್ತಿದ್ದೇನೆ. ಅವರು ಮಾತ್ರ ಬಂದವರಿಗೆಲ್ಲ, "ನಮ್ಮ ಅಳಿಯಂದ್ರು ಸೋಪಿನ ಕೆಲಸದಾಗೆ ಇದಾರೆ ರೀ" ಎನ್ನುತ್ತಾರೆ. "ಪ್ರೋಟೀನು, ಮಾವ, ಪ್ರೋಟೀನು" ಎಂದು ನಾನು ಪಕ್ಕದಿಂದ ತಿದ್ದುತ್ತೇನೆ.

ಈ ಸಲ ನನ್ನ ಪಿಎಚ್‌ಡಿ ಗೈಡು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಹರಳು ಬರದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಾಯಿಸಿ. ಎಂದರೆ ನಾಲ್ಕು ವರ್ಷ ನೀರುಪಾಲು. ಉಳಿದಿದ್ದ ಪ್ರೋಟೀನು, ಹನಿಹನಿಯಾಗಿ ಹರಳಿಗಿಡುವ ಒಂದೇ ಒಂದು ತಟ್ಟೆಗೆ ಸಾಲುವಷ್ಟು. ನಾನು ಪಾಠ ಮಾಡುವ ಕಾಲೇಜಿನಲ್ಲಿ ಎಸಿ ಕೆಟ್ಟಿದ್ದರಿಂದ ತಟ್ಟೆಯನ್ನೂ ಮೈಕ್ರೋಸ್ಕೋಪನ್ನೂ ಮಾವನ ಮನೆಯ ತಂಪಾದ ಉಗ್ರಾಣಕ್ಕೆ ತಂದೆ. ಮಿಕ್ಸಿ ತಿರುಗಿದರೆ ಉಗ್ರಾಣದ ತಟ್ಟೆ ಅದುರುತ್ತಿತ್ತು. ಹೀಗಾಗಿ ಒಂಬತ್ತು ದಿನ ಮಿಕ್ಸಿ ಬಂದ್. ಮಾವನವರು ಚಟ್ನಿಯಿಲ್ಲದ ರೊಟ್ಟಿ ಮುರಿಯುತ್ತ ನನ್ನನ್ನೇ ನೋಡುತ್ತಿದ್ದರು. ನಾನೋ, ಬೈದುಕೊಳ್ಳುತ್ತಲೇ ದಿನಕ್ಕೆ ಇಪ್ಪತ್ತು ಸಲ ಇಣುಕುತ್ತಿದ್ದೆ.

ಹತ್ತನೆಯ ದಿನ ಒಂದು ಹನಿಯಲ್ಲಿ ಹರಳು! ನಾನು ಕೂಗಿದ್ದೇ ತಡ, ಅತ್ತೆ ಆನವಟ್ಟಿಯ ತಂಗಿಗೂ ಸೊರಬದ ಅಣ್ಣನಿಗೂ ಫೋನು ಮಾಡಿದರು. ಪಾಯಸವಾಯಿತು. ಎರಡನೇ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ: ಡಿಟರ್ಜೆಂಟೇ ಹರಳಾಗಿದ್ದರೆ? ತಿಳಿಯಬೇಕಾದರೆ ನೀಲಿ ಬಣ್ಣದ ಹನಿ ಹಾಕಬೇಕು. ಪ್ರೋಟೀನಾದರೆ ಬಣ್ಣ ಹೀರಿ ನೀಲಿಯಾಗುತ್ತದೆ, ಅಲ್ಲದಿದ್ದರೆ ಹಾಗೇ ಉಳಿಯುತ್ತದೆ. ಆದರೆ ಹಾಕಿದರೆ ಇದ್ದೊಂದು ಹರಳೂ ಕೆಟ್ಟೀತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಿದ್ದದ್ದು ಹರಳು ಕೆಡುವುದಕ್ಕಲ್ಲ, ಗೊತ್ತಾಗುವುದಕ್ಕೆ.

ನೀಲಿ ಹಾಕಿ ನೋಡಬೇಕು ಎಂದು ಮನೆಯಲ್ಲಿ ಹೇಳಿದೆನೇ ಹೊರತು, ಮೂರು ದಿನ ಉಗ್ರಾಣದ ಕಡೆ ತಲೆ ಹಾಕಲಿಲ್ಲ. ಕಡೆಗೆ ಅತ್ತೆಯೇ ಕೇಳಿದರು: "ಏನ್ರೀ, ಮೊದ್ಲು ಗಳಿಗೆಗೊಮ್ಮೆ ಇಣುಕ್ತಿದ್ರಿ, ಈಗ ಆ ಕಡೆ ಹೋಗಾದೇ ಇಲ್ಲ? ನೀಲಿ ಬೇಕಾದ್ರೆ ಬಟ್ಟೆಗೆ ಹಾಕೋದು ನಮ್ಮಲ್ಲೇ ಐತೆ, ಕೊಡ್ಲಾ?"

ನನ್ನ ನೀಲಿಯನ್ನೇ ಹಾಕಿದೆ. ಒಂದು ಗಂಟೆಯ ಮೇಲೆ ನೋಡಿದರೆ ಸುತ್ತಲೂ ನೀಲಿ, ನಡುವೆ ಹರಳು ಮಾತ್ರ ತೊಳೆದಿಟ್ಟಂತೆ ತಿಳಿಯಾಗಿತ್ತು.

"ಏನಂತ್ರೀ?" ಎಂದರು ಮಾವನವರು.

"ಸೋಪು, ಮಾವ" ಎಂದೆ. ಅವರು ನಗಲಿಲ್ಲ. ಅತ್ತೆಯ ಕಡೆ ತಿರುಗಿ, "ಚಟ್ನಿ ರುಬ್ಬು" ಎಂದರು.

ಸಂಜೆ ಯಾರೋ ಪರಿಚಯದವರು ಬಂದು, ಅಳಿಯಂದಿರಿಗೆ ಏನು ಕೆಲಸ ಎಂದು ವಿಚಾರಿಸಿದರು. ಮಾವನವರು ನನ್ನ ಮುಖ ನೋಡಿ, ಸ್ವಲ್ಪ ತಡವರಿಸಿ, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಹೇಳಿದರು: "ಪ್ರೋಟೀನಿನ ಕೆಲಸ ರೀ."

ಸೋಪು ಎಂದು ತಿದ್ದಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.