ಗೆರೆ ದಾಟಿದ ಮುತ್ಯಾ

ಸಂತೋಷಪಡುವುದಕ್ಕೂ ಅಭ್ಯಾಸ ಬೇಕು. ನನ್ನಂಥ ಗಾರೆ ಕೆಲಸದವನಿಗೆ ಅದು ಅಪರೂಪಕ್ಕೆ ಬಂದರೆ ಎಲ್ಲಿ ಕೂರಿಸಬೇಕೆಂದೇ ತಿಳಿಯುವುದಿಲ್ಲ. ಮೂರನೇ ಇಯತ್ತೆಗೆ ಓದು ಬಿಟ್ಟು, ಯಾದಗಿರಿಯಿಂದ ಹೈದರಾಬಾದಿಗೆ ಬಂದು, ಕಂಡವರ ಮನೆ ಕಟ್ಟಿದ್ದೇ ಕಟ್ಟಿದ್ದು. ಮೊಮ್ಮಗಳು ಶರಣಮ್ಮ ತಾರ್ನಾಕದ ಒಂದು ಕಟ್ಟಡದ ಇಟ್ಟಿಗೆ ರಾಶಿಯ ನೆರಳಲ್ಲೇ ತೆವಳಲು ಕಲಿತಳು. ಅಲ್ಲೇ ಸುಣ್ಣ ಸಿಡಿದು ಎರಡು ಕಣ್ಣೂ ಹೋದವು. ಆ ಮನೆಯವರು ಈಗಲೂ ಗೋಡೆಯ ಬಿಳುಪನ್ನು ಹೊಗಳುತ್ತಾರಂತೆ.

ಅಂಥವಳು ಅಂಗವಿಕಲ ಮಕ್ಕಳ ಕ್ರೀಡಾಕೂಟದಲ್ಲಿ ಓಡುತ್ತಾಳೆಂದರೆ ನನಗೆ ನೆಲ ಕಾಣಲಿಲ್ಲ. ಕಣ್ಣು ಕಾಣದ ಮಕ್ಕಳ ಜೊತೆ ಕಣ್ಣಿರುವವರೊಬ್ಬರು ಕೈಗೆ ಕೈ ಸೇರಿಸಿ ದಾರ ಕಟ್ಟಿಕೊಂಡು ಓಡಬೇಕು. ಸಿಕಂದರಾಬಾದಿನ ಮೈದಾನಕ್ಕೆ ಹೋದರೆ, ಅವಳ ಜೊತೆ ಓಡಬೇಕಿದ್ದ ಹುಡುಗಿಗೆ ಜ್ವರ. “ನಾ ಅದೀನಲ್ರಿ” ಎಂದೆ. ಅವಳ ಶಾಲೆಯ ಟೀಚರು ತೆಲುಗಿನಲ್ಲಿ ಬಿಡಿಸಿ ಹೇಳಿದರು: ಕೊನೆಯ ಗೆರೆಯನ್ನು ಮೊದಲು ಮಗು ದಾಟಬೇಕು, ಆಮೇಲೆ ನೀನು, ತಪ್ಪಿದರೆ ಓಟ ಲೆಕ್ಕಕ್ಕಿಲ್ಲ. ಗೆದ್ದವಳಿಗೆ ಮಾತ್ರ ರಾಜ್ಯಮಟ್ಟ. ಇದರಲ್ಲಿ ತಿಳಿಯದಂಥದ್ದೇನಿದೆ ಎಂದು ತಲೆಯಾಡಿಸಿದೆ.

ಹುಡುಗಿ ಓಡಿದಳು ನೋಡಿ, ಈ ಮುದುಕನ ಉಸಿರು ಮೈದಾನದಲ್ಲೇ ಎಲ್ಲೋ ಬಿದ್ದುಹೋಯಿತು. ಉಳಿದವರೆಲ್ಲ ಹಿಂದೆ. ಇನ್ನೇನು ಬಂತು ಎನ್ನುವಾಗ ಮುಂದೆ ಆ ಗೆರೆ ಕಂಡಿತು. ಬೆಳ್ಳಗೆ, ಹಸಿ ಸುಣ್ಣದಲ್ಲಿ ಎಳೆದದ್ದು. ಸುಣ್ಣದ ಕಡೆ ಅವಳು ಮುಖ ಮಾಡಿದರೆ ನಾನು ಅಡ್ಡ ನಿಲ್ಲುವವನು; ಅದಕ್ಕೆ ಯೋಚನೆ ಬೇಕಾಗುವುದಿಲ್ಲ. ಹಾರಿ ಆಚೆ ನಿಂತು, ಅವಳನ್ನು ಎತ್ತಿ ದಾಟಿಸಿದೆ.

ಸೀಟಿ ಊದಿದರು. ಪದಕ ಎರಡನೆಯವಳ ಕೊರಳಿಗೆ ಹೋಯಿತು.

“ಮುತ್ಯಾ, ಯಾಕ ಎಲ್ಲಾರೂ ಸುಮ್ಮನಾದ್ರು?”

“ನೀನ ಮದಲ ಇದ್ದಿ, ಯವ್ವಾ.”

“ಗೆರಿ ಯಾರು ಮದಲ ದಾಟಿದ್ರು?”

ಅವಳು ತಡಕಾಡಿ ದಾರ ಬಿಚ್ಚಿ ನನ್ನ ಅಂಗೈಗಿಟ್ಟಳು. “ಹೋಗು, ಮುದುಕರಿಗೂ ಏನರ ಕೊಡ್ತಾರೇನು ಕೇಳು.”

ಬಸ್ಸಿನಲ್ಲಿ ಅವಳು ಸದ್ದಿಲ್ಲದೆ ಅತ್ತಳು. ನಾನೂ ಅತ್ತೆ. ಆದರೆ ನಾಚಿಕೆಗೆಟ್ಟ ಎದೆ ಮಾತ್ರ ಹಿಗ್ಗುತ್ತಲೇ ಇತ್ತು: ಎಲ್ಲರಿಗಿಂತ ಮುಂದೆ ಓಡಿದಳಲ್ಲ. ಮುಂದಿನ ವರ್ಷ ಅವಳು ಟೀಚರ ಜೊತೆ ಓಡುತ್ತಾಳಂತೆ. ನನಗೂ ಒಂದು ಕೆಲಸ ಹಚ್ಚಿದ್ದಾಳೆ: ಮೈದಾನದ ಗೇಟಿನ ಹೊರಗೆ ಕುಳಿತು ಅವಳ ಚಪ್ಪಲಿ ಕಾಯುವುದು. ಬೇರೆ ಯಾರಿಗೂ ಈ ಕೆಲಸ ಕೊಟ್ಟಿಲ್ಲವೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.